ಒಂದು ಕಣ್ಣಿಗೆ ಬೆಣ್ಣೆ, ಟುಪಾಕ್ ಕಣ್ಣಿಗೆ ಸುಣ್ಣ

ಪಿಯುಸಿ ಓದುವಾಗ ನಾನು ಎಮಿನೆಮ್ ಹಾಡುಗಳನ್ನು ತುಂಬಾ ಕೇಳುತ್ತಿದ್ದೆ. ಅವುಗಳಲ್ಲಿ ಕೊಲೆಯಿತ್ತು, ಬೈಗುಳವಿತ್ತು, ಹೆಂಗಸರ ಬಗ್ಗೆ ಕೆಟ್ಟ ಮಾತಿತ್ತು. ಆದರೂ ಅದೆಲ್ಲ ಅವನು ಕಟ್ಟಿದ ಪಾತ್ರ, ಅವನೇ ಬೇರೆ ಎಂದು ಯಾರೂ ಹೇಳಿಕೊಡದೆಯೇ ನನಗೆ ಅನಿಸಿತ್ತು. ಬಿಇ ಸೇರಿ ಹಾಸ್ಟೆಲ್‌ಗೆ ಬಂದ ಮೇಲೆ ರೂಮ್‌ಮೇಟ್ ಒಂದು ರಾತ್ರಿ ಟುಪಾಕ್ ಶಕೂರ್ ಹಾಡು ಹಾಕಿದಳು. ಅವನು ರೌಡಿಯಂತಲ್ಲ, ಅವನ ಹಾಡು ಯಾಕೆ ಕೇಳುತ್ತೀಯ ಎಂದುಬಿಟ್ಟೆ. ಅವಳು ವಾದ ಮಾಡಲಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಅಲ್ಲಿಯವರೆಗೆ ಟುಪಾಕ್‌ನ ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ. ಹಾಗಿದ್ದರೆ ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು? ಇಂಟರ್ನಲ್ಸ್ ಮುಗಿದ ಮೇಲೆ ಅದನ್ನೇ ಹುಡುಕಿಕೊಂಡು ಹೋದೆ. ಸಿಕ್ಕಿದ್ದು ಒಬ್ಬ ಹುಡುಗನ ಇಪ್ಪತ್ತೈದು ವರ್ಷದ ಬದುಕು.

ಟುಪಾಕ್ ಹುಟ್ಟುವ ಮೊದಲೇ ಜೈಲು ಕಂಡವನು. ಅವನ ತಾಯಿ ಅಫೆನಿ ಶಕೂರ್ ನ್ಯೂಯಾರ್ಕಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷದಲ್ಲಿದ್ದಳು. 1969ರಲ್ಲಿ ಆ ಪಕ್ಷದ 21 ಮಂದಿಯ ಮೇಲೆ ಬಾಂಬ್ ಸ್ಫೋಟದ ಸಂಚಿನ ಕೇಸು ಬಿತ್ತು. ಅಫೆನಿ ಗರ್ಭಿಣಿಯಾಗಿದ್ದಾಗ ಜೈಲಿನಲ್ಲಿದ್ದಳು. ಕಾನೂನು ಓದಿದವಳಲ್ಲ, ಆದರೂ ವಕೀಲರನ್ನು ನೆಚ್ಚಿಕೊಳ್ಳದೆ ತನ್ನ ಕೇಸನ್ನು ತಾನೇ ವಾದಿಸಿದಳು. 1971ರ ಮೇ ತಿಂಗಳಲ್ಲಿ ಅವಳೂ ಜೊತೆಯವರೂ ಎಲ್ಲ ಆರೋಪಗಳಿಂದ ಬಿಡುಗಡೆಯಾದರು. ಒಂದು ತಿಂಗಳು ಕಳೆದು ಜೂನ್ 16ಕ್ಕೆ ಮಗ ಹುಟ್ಟಿದ. ಸ್ಪೇನ್ ಆಳ್ವಿಕೆಯ ವಿರುದ್ಧ ಪೆರುವಿನಲ್ಲಿ ದಂಗೆಯೆದ್ದು 1781ರಲ್ಲಿ ಮರಣದಂಡನೆಗೆ ಗುರಿಯಾದ ಟುಪಾಕ್ ಅಮರು ಎಂಬ ನಾಯಕನ ಹೆಸರನ್ನು ಅವಳು ಮಗನಿಗೆ ಕೊಟ್ಟಳು.

ಹೆಸರು ದೊಡ್ಡದು, ಮನೆ ಚಿಕ್ಕದು. ಬಾಡಿಗೆ ಕಟ್ಟಲಾಗದೆ ಊರಿಂದೂರಿಗೆ ಹೋಗುವುದೇ ಬಾಲ್ಯವಾಯಿತು. ಹಾರ್ಲೆಮ್‌ನ ಹೆಸರಾಂತ ಅಪೊಲೊ ಥಿಯೇಟರ್‌ನಲ್ಲಿ ಹುಡುಗನಾಗಿದ್ದಾಗಲೇ ನಾಟಕದಲ್ಲಿ ಪಾತ್ರ ಮಾಡಿದ. ಬಾಲ್ಟಿಮೋರ್‌ಗೆ ಹೋದ ಮೇಲೆ ಅಲ್ಲಿನ ಕಲಾ ಶಾಲೆಯಲ್ಲಿ ಸೀಟು ಸಿಕ್ಕಿತು. ನಟನೆ, ಕವಿತೆ, ಜಾಝ್, ಬ್ಯಾಲೆ ನೃತ್ಯ ಎಲ್ಲ ಕಲಿತ. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಅಭಿನಯಿಸಿದ. ಮುಂದೆ ಸಿನಿಮಾ ನಟಿಯಾದ ಜೇಡಾ ಪಿಂಕೆಟ್ ಅವನ ಸಹಪಾಠಿ. ಬ್ಯಾಲೆ ಕಲಿತ ಟುಪಾಕ್ ಎಂದರೆ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ನಂಬಲಿಲ್ಲ. ಎದೆ ಮೇಲೆ ಹಚ್ಚೆ, ತಲೆಗೆ ಕಟ್ಟಿದ ಬಟ್ಟೆ, ಇಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ನನಗೂ ಅಷ್ಟೇ.

1988ರಲ್ಲಿ ಶಾಲೆ ಅರ್ಧಕ್ಕೆ ಬಿಟ್ಟು ಕ್ಯಾಲಿಫೋರ್ನಿಯಾದ ಮರೀನ್ ಸಿಟಿಗೆ ಹೋಗಬೇಕಾಯಿತು. ಆ ಹೊತ್ತಿಗೆ ತಾಯಿ ಕ್ರ್ಯಾಕ್ ಎಂಬ ಮಾದಕ ವಸ್ತುವಿಗೆ ಬಲಿಯಾಗಿದ್ದಳು. ನ್ಯಾಯಾಲಯದಲ್ಲಿ ಸರ್ಕಾರದ ವಕೀಲರನ್ನು ಎದುರಿಸಿ ಗೆದ್ದ ಹೆಂಗಸು ಅದರ ಮುಂದೆ ಸೋತಿದ್ದಳು. ಹುಡುಗ ಕವಿತೆ ಬರೆಯುತ್ತಾ, ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ತಂಡದ ಸಾಮಾನು ಹೊರುತ್ತಾ, ಅವರ ಹಿಂದೆ ಕುಣಿಯುತ್ತಾ ಹೊಟ್ಟೆ ಹೊರೆದ. 1991ರ ನವೆಂಬರ್‌ನಲ್ಲಿ ಅವನ ಮೊದಲ ಆಲ್ಬಂ '2ಪಾಕಲಿಪ್ಸ್ ನೌ' ಬಂತು.

ಆ ಆಲ್ಬಂನಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿಯ ಹಾಡಿದೆ. ಗರ್ಭಿಣಿಯಾಗಿ, ಹೆತ್ತ ಕೂಸನ್ನು ಕಸಕ್ಕೆ ಎಸೆದ ಬಾಲಕಿಯೊಬ್ಬಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಟುಪಾಕ್ ಬರೆದದ್ದು ಅದು. ಹುಡುಗಿಯನ್ನು ಬೈಯದೆ, ಅವಳ ಹೊಟ್ಟೆ ಬೆಳೆಯುತ್ತಿದ್ದಾಗ ಸುತ್ತಲಿನವರೆಲ್ಲ ಏನು ನೋಡುತ್ತಿದ್ದರು ಎಂದು ಕೇಳುವ ಹಾಡು. ಇಪ್ಪತ್ತು ವರ್ಷದ ಹುಡುಗ ಹಾಡಿದ್ದು. ಆಲ್ಬಂ ಬರುವುದಕ್ಕೆ ಕೆಲವೇ ವಾರ ಮುಂಚೆ, ಓಕ್‌ಲ್ಯಾಂಡ್‌ನಲ್ಲಿ ಅಡ್ಡಾದಿಡ್ಡಿ ರಸ್ತೆ ದಾಟಿದ ಎಂದು ಇಬ್ಬರು ಪೊಲೀಸರು ಅವನನ್ನು ಹಿಡಿದಿದ್ದರು. ತನ್ನನ್ನು ನೆಲಕ್ಕೆ ಕೆಡವಿ ಹೊಡೆದರು ಎಂದು ಅವನು ಒಂದು ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದ. ಕೊನೆಗೆ ಸುಮಾರು ನಲವತ್ತು ಸಾವಿರ ಡಾಲರ್‌ಗೆ ರಾಜಿಯಾಯಿತು. ಪೊಲೀಸರ ಮೇಲೆ ಆ ಆಲ್ಬಂನಲ್ಲಿರುವ ಸಿಟ್ಟು ಯಾವ ನೆಲದಿಂದ ಹುಟ್ಟಿದ್ದು ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ.

1992ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನಲ್ಲಿ ಕದ್ದ ವಾಹನದಲ್ಲಿದ್ದ ಒಬ್ಬ ಯುವಕ ತನ್ನನ್ನು ತಡೆದ ಹೆದ್ದಾರಿ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ಅವನ ಬಳಿ ಟುಪಾಕ್ ಕ್ಯಾಸೆಟ್ ಇತ್ತು. ಹಾಡು ಕೇಳಿ ಹೀಗಾಯಿತು ಎಂಬುದೇ ಅವನ ಪರ ವಕೀಲರ ವಾದವಾಯಿತು. ಸೆಪ್ಟೆಂಬರ್‌ನಲ್ಲಿ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಅವರು ಈ ಆಲ್ಬಂಗೆ ಸಮಾಜದಲ್ಲಿ ಜಾಗವಿಲ್ಲ, ಕಂಪನಿ ಇದನ್ನು ವಾಪಸ್ ಪಡೆಯಬೇಕು ಎಂದರು. ಅದು ಚುನಾವಣೆಯ ವರ್ಷ. ದೇಶದ ಉಪಾಧ್ಯಕ್ಷರೊಬ್ಬರು ಹೆಸರು ಹಿಡಿದು ಹೇಳಿದ ಮೇಲೆ, ಹಾಡು ಕೇಳದವರಿಗೂ ಟುಪಾಕ್ ಎಂದರೆ ಪೊಲೀಸರನ್ನು ಕೊಲ್ಲಿಸುವವನು ಎಂದಾಯಿತು. ಜ್ಯೂರಿ ಮಾತ್ರ ಹಾಡಿನ ನೆಪವನ್ನು ಒಪ್ಪಲಿಲ್ಲ. 1993ರಲ್ಲಿ ಆ ಯುವಕನಿಗೆ ಮರಣದಂಡನೆ ವಿಧಿಸಿತು. ಟುಪಾಕ್ ಮತ್ತು ಕಂಪನಿಯ ಮೇಲೆ ಅಧಿಕಾರಿಯ ಕುಟುಂಬ ಹೂಡಿದ್ದ ದಾವೆಯನ್ನು 1997ರಲ್ಲಿ ನ್ಯಾಯಾಲಯ ವಜಾ ಮಾಡಿತು. ಅಷ್ಟರಲ್ಲಿ ಟುಪಾಕ್ ಬದುಕಿರಲಿಲ್ಲ.

ಹೆಂಡತಿಗೆ, ಮಕ್ಕಳಿಗೆ ಆದ ನಷ್ಟ ನಷ್ಟವೇ. ಆ ಕುಟುಂಬದ ಸಿಟ್ಟನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಇರುವುದು ತಕ್ಕಡಿ ಹಿಡಿದವರ ಬಗ್ಗೆ.

ಜಾನಿ ಕ್ಯಾಶ್ ಎಂಬ ಬಿಳಿಯ ಹಾಡುಗಾರ 1955ರಲ್ಲಿ 'ಫಾಲ್ಸಮ್ ಪ್ರಿಸನ್ ಬ್ಲೂಸ್' ಹಾಡಿದರು. ಹಾಡುವ ಪಾತ್ರ ಕೊಲೆಗಾರ. ಕೊಂದದ್ದಕ್ಕೆ ದ್ವೇಷವೂ ಇಲ್ಲ, ಲಾಭವೂ ಇಲ್ಲ, ಸುಮ್ಮನೆ ಸಾಯುವುದನ್ನು ನೋಡುವ ಕುತೂಹಲ. 1968ರಲ್ಲಿ ಅದೇ ಜೈಲಿಗೆ ಹೋಗಿ ಕೈದಿಗಳ ಮುಂದೆ ಹಾಡಿದ ಆಲ್ಬಂ ಅವರ ಬದುಕನ್ನೇ ಬದಲಾಯಿಸಿತು. ಎರಡು ವರ್ಷದ ಬಳಿಕ ಅಧ್ಯಕ್ಷ ನಿಕ್ಸನ್ ಅವರನ್ನು ಶ್ವೇತಭವನಕ್ಕೆ ಕರೆಸಿ ಹಾಡಿಸಿದರು. ಕ್ಯಾಶ್ ಯಾರನ್ನೂ ಕೊಂದಿರಲಿಲ್ಲ, ಹಾಗೆಂದು ಎಲ್ಲರಿಗೂ ಗೊತ್ತಿತ್ತು, ಅದು ಕತೆ ಎಂದು ಎಲ್ಲರೂ ಒಪ್ಪಿದರು. ನನಗೂ ಆ ಹಾಡು ಇಷ್ಟ. ಕೈದಿಗಳ ಪರ ಅವರು ಮಾತಾಡಿದ್ದೂ ಇಷ್ಟ. ಆದರೆ ಕತೆ ಎಂಬ ಆ ರಿಯಾಯಿತಿ ಅವರಿಗೆ ಕೇಳದೆ ಸಿಕ್ಕಿತು.

ಪೊಲೀಸರನ್ನು ಕೊಲ್ಲುವ ಹಾಡಿನ ಮಾತಿಗೇ ಬರೋಣ. ಷೆರಿಫ್‌ಗೆ ಗುಂಡು ಹೊಡೆದವನ ಹಾಡನ್ನು ಬರೆದದ್ದು ಜಮೈಕಾದ ಬಾಬ್ ಮಾರ್ಲಿ. 1974ರಲ್ಲಿ ಎರಿಕ್ ಕ್ಲಾಪ್ಟನ್ ಅದನ್ನೇ ಹಾಡಿದಾಗ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಅದರಲ್ಲಿ ಆತ್ಮರಕ್ಷಣೆಯ ಮಾತಿದೆ, ಹೋಲಿಕೆ ಸರಿಯಾಗುವುದಿಲ್ಲ ಎನ್ನಬಹುದು, ಒಪ್ಪುತ್ತೇನೆ. ಹಾಗಾದರೆ ಕಿಂಗ್‌ಸ್ಟನ್ ಟ್ರಯೋ ಎಂಬ ಬಿಳಿ ಹುಡುಗರ ತಂಡ 1960ರಲ್ಲಿ ಬಿಡುಗಡೆ ಮಾಡಿದ 'ಬ್ಯಾಡ್ ಮ್ಯಾನ್ಸ್ ಬ್ಲಂಡರ್' ಇದೆ. ಅದರಲ್ಲಿ ಒಬ್ಬ ಕಿಡಿಗೇಡಿ ಡೆಪ್ಯುಟಿ ಷೆರಿಫ್‌ನನ್ನು ಕೊಲ್ಲುತ್ತಾನೆ. ತಮಾಷೆಯ ಧಾಟಿಯ ಜಾನಪದ ಹಾಡು, ರೇಡಿಯೊದಲ್ಲಿ ಬರುತ್ತಿತ್ತು.

ಈ ಹಾಡನ್ನೇ ಆಯ್ದುಕೊಂಡು ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗ ಮಾಡಿದರು. ಇಂಜಿನಿಯರಿಂಗ್ ವಿದ್ಯಾರ್ಥಿನಿಯಾಗಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದು. ಹಾಡಿನ ಸಾಲುಗಳನ್ನು ಕಾಗದದ ಮೇಲೆ ಅಚ್ಚು ಹಾಕಿ ಜನರಿಗೆ ಓದಲು ಕೊಟ್ಟರು. ಸಂಗೀತವಿಲ್ಲ, ದನಿಯಿಲ್ಲ. ಕೆಲವರಿಗೆ ಇದು ರ‍್ಯಾಪ್ ಎಂದರು, ಕೆಲವರಿಗೆ ಕಂಟ್ರಿ ಹಾಡು ಎಂದರು. ಇನ್ನೊಂದು ಸುತ್ತಿನಲ್ಲಿ ಹಾಡಿದವನು ಕಪ್ಪು ವರ್ಣದವನು ಅಥವಾ ಬಿಳಿಯ ಎಂದು ತೋರಿಸಿದರು. ಅಕ್ಷರ ಒಂದೂ ಬದಲಾಗಲಿಲ್ಲ. ರ‍್ಯಾಪ್ ಎಂದು ಕೇಳಿದವರಿಗೆ, ಕಪ್ಪು ಗಾಯಕ ಎಂದು ತಿಳಿದವರಿಗೆ ಆ ಸಾಲುಗಳು ಹೆಚ್ಚು ಅಪಾಯಕಾರಿಯಾಗಿ, ನಿಯಂತ್ರಣ ಬೇಕಾದವಾಗಿ ಕಂಡವು. 1996ರಲ್ಲಿ ಇದು ಪ್ರಕಟವಾಯಿತು, ಟುಪಾಕ್ ಸತ್ತ ವರ್ಷವೇ. ಇಪ್ಪತ್ತು ವರ್ಷ ಬಿಟ್ಟು 2016ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ರ‍್ಯಾಪ್ ಎಂಬ ಹೆಸರಿನ ಚೀಟಿ ಅಂಟಿಸಿದ್ದೇ ಜನರ ತೀರ್ಪು ಬದಲಾಯಿತು. ನಾವು ಲ್ಯಾಬ್‌ನಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ರೀಡಿಂಗ್ ತೆಗೆಯುತ್ತೇವಲ್ಲ, ಹಾಗೆ. ಎಮಿನೆಮ್ ಮತ್ತು ಟುಪಾಕ್ ವಿಷಯದಲ್ಲಿ ನನ್ನ ಮೇಲೆಯೇ ಈ ಪ್ರಯೋಗ ನಡೆದುಹೋಗಿತ್ತು ಎಂದು ಓದುವಾಗ ಮುಖ ಬಿಸಿಯಾಯಿತು.

ಇದು ಓದುಗರ ಮಾತಾಯಿತು. ಪತ್ರಿಕೆಗಳು? ಏಮಿ ಬೈಂಡರ್ ಎಂಬ ಸಮಾಜಶಾಸ್ತ್ರಜ್ಞೆ 1985ರಿಂದ 1990ರವರೆಗಿನ ಅಮೆರಿಕದ ದೊಡ್ಡ ಪತ್ರಿಕೆಗಳ ಬರಹಗಳನ್ನು ಕೂಡಿಸಿ ನೋಡಿದರು. ಆಗ ಹೆವಿ ಮೆಟಲ್ ಸಂಗೀತದ ಮೇಲೂ ಟೀಕೆ ಜೋರಾಗಿತ್ತು. ಅದನ್ನು ಹಾಡುವವರು, ಕೇಳುವವರು ಬಹುಪಾಲು ಬಿಳಿಯರು. ಮೆಟಲ್ ಬಗ್ಗೆ ಬರೆದಾಗ ಚಿಂತೆ ಏನೆಂದರೆ ನಮ್ಮ ಮಕ್ಕಳು ಹಾಳಾಗುತ್ತಾರೆ, ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಎಂಬುದು. ರ‍್ಯಾಪ್ ಬಗ್ಗೆ ಬರೆದಾಗ ಚಿಂತೆಯೇ ಬೇರೆ: ಈ ಹಾಡು ಕೇಳಿದವರು ಬಂದು ನಮ್ಮನ್ನು ಕೊಲ್ಲುತ್ತಾರೆ. ಅಲ್ಲಿ ಕೇಳುಗ ಮಗು, ಇಲ್ಲಿ ಕೇಳುಗ ಅಪರಾಧಿ. 1990ರಲ್ಲಿ ಜೂಡಾಸ್ ಪ್ರೀಸ್ಟ್ ಎಂಬ ಮೆಟಲ್ ತಂಡದ ಮೇಲೆ ನಡೆದ ಮೊಕದ್ದಮೆಯೂ ಇಬ್ಬರು ಬಿಳಿ ಯುವಕರ ಆತ್ಮಹತ್ಯೆ ಯತ್ನದ ಕುರಿತದ್ದೇ. ಎಲ್ಲ ಪತ್ರಕರ್ತರೂ ಒಂದೇ ಎಂದು ಬೈಂಡರ್ ಹೇಳುವುದಿಲ್ಲ. ರ‍್ಯಾಪ್‌ನಲ್ಲಿ ಕಲೆಯಿದೆ, ರಾಜಕೀಯವಿದೆ ಎಂದು ಬರೆದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಇನ್ನೊಂದು ತಮಾಷೆ ಕೇಳಿ. 1992ರ ಬೇಸಿಗೆಯಲ್ಲಿ ಅತಿ ಹೆಚ್ಚು ಗಲಾಟೆ ಎಬ್ಬಿಸಿದ ಹಾಡು 'ಕಾಪ್ ಕಿಲ್ಲರ್'. ಅದು ರ‍್ಯಾಪ್ ಅಲ್ಲವೇ ಅಲ್ಲ. ಬಾಡಿ ಕೌಂಟ್ ಎಂಬ ಮೆಟಲ್ ತಂಡದ, ಗಿಟಾರ್ ಅಬ್ಬರದ ಹಾಡು. ಆದರೆ ಹಾಡಿದ ಐಸ್-ಟಿ ಕಪ್ಪು ವರ್ಣದವನು, ರ‍್ಯಾಪರ್ ಎಂದು ಹೆಸರಾದವನು. ಹಾಗಾಗಿ ಪತ್ರಿಕೆಗಳೂ ರಾಜಕಾರಣಿಗಳೂ ಅದನ್ನು ರ‍್ಯಾಪ್ ಎಂದೇ ಕರೆದರು. ಕೊನೆಗೆ ಅವನೇ ಅದನ್ನು ಆಲ್ಬಂನಿಂದ ತೆಗೆದುಹಾಕಿದ. 1995ರಲ್ಲಿ ಸೆನೆಟರ್ ಬಾಬ್ ಡೋಲ್ ಮನರಂಜನೆಯಲ್ಲಿನ ಹಿಂಸೆಯ ವಿರುದ್ಧ ದೊಡ್ಡ ಭಾಷಣ ಮಾಡಿದರು. ರ‍್ಯಾಪ್ ಗುಂಪುಗಳನ್ನು ಹೆಸರಿಸಿ ಬೈದರು, ಒಂದು ಮೆಟಲ್ ತಂಡವನ್ನೂ ಬಿಡಲಿಲ್ಲ. ಆದರೆ ಒಳ್ಳೆಯ ಸಿನಿಮಾಗಳ ಪಟ್ಟಿಯಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ 'ಟ್ರೂ ಲೈಸ್' ಸೇರಿಸಿದರು. ಅದನ್ನು ನಮ್ಮ ಮನೆಯ ಟಿವಿಯಲ್ಲಿ ನೋಡಿದ್ದೇನೆ. ಅದರಲ್ಲಿ ಬೀಳುವ ಹೆಣಗಳನ್ನು ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಟುಪಾಕ್ ಪಾಪದವನು, ಟೀಕಿಸಿದವರೆಲ್ಲ ಕೆಟ್ಟವರು ಎಂದಾಗುತ್ತದೆ. ನನ್ನ ರೂಮ್‌ಮೇಟ್ ಹಾಗೆಯೇ ನಂಬಿದ್ದಳು. ನನಗೆ ಹಾಗೆ ನಂಬಲು ಆಗಲಿಲ್ಲ.

1993ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಯುವತಿಯೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಟುಪಾಕ್ ಮತ್ತು ಜೊತೆಯವರ ಮೇಲೆ ದೂರು ದಾಖಲಾಯಿತು. ಅವನು ನಿರಾಕರಿಸಿದ. 1994ರ ಡಿಸೆಂಬರ್ 1ರಂದು ನ್ಯಾಯಾಲಯ ಕೆಲವು ಆರೋಪಗಳಿಂದ ಬಿಟ್ಟು, ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ತಪ್ಪಿತಸ್ಥ ಎಂದಿತು. ಹಿಂದಿನ ದಿನವಷ್ಟೇ ಒಂದು ಸ್ಟುಡಿಯೊ ಕಟ್ಟಡದಲ್ಲಿ ದರೋಡೆಕೋರರು ಹೊಡೆದ ಗುಂಡುಗಳು ಮೈಗೆ ತಾಗಿ, ಬ್ಯಾಂಡೇಜ್ ಸುತ್ತಿಕೊಂಡು ಗಾಲಿಕುರ್ಚಿಯಲ್ಲಿ ಬಂದಿದ್ದ. ಒಂದೂವರೆಯಿಂದ ನಾಲ್ಕೂವರೆ ವರ್ಷದವರೆಗಿನ ಶಿಕ್ಷೆಯಾಯಿತು. ಹೆಣ್ಣುಮಕ್ಕಳು ತಲೆ ಎತ್ತಿ ಬದುಕಬೇಕು ಎಂದು 1993ರಲ್ಲೇ ಅಷ್ಟು ಚೆಂದದ ಹಾಡು ಹಾಡಿದ್ದವನು ಇವನೇ. ನಾನು ಆ ಹಾಡು ಕೇಳುವಾಗ ಈ ಕೇಸನ್ನು ಮರೆಯಲು ಆಗುವುದಿಲ್ಲ. ಮರೆಯಬೇಕೆಂದೂ ಅನಿಸುವುದಿಲ್ಲ.

ಇನ್ನೊಬ್ಬರು ಡಾ. ಸಿ. ಡೆಲೊರಿಸ್ ಟಕರ್. ಈಕೆ ಕಪ್ಪು ಮಹಿಳೆ. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾದಲ್ಲಿ ಮೆರವಣಿಗೆ ನಡೆದವರು, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಉನ್ನತ ಹುದ್ದೆಗೇರಿದವರು. ಕಪ್ಪು ಹೆಣ್ಣುಮಕ್ಕಳನ್ನು ಹಾಡಿನಲ್ಲಿ ಕರೆಯುವ ಹೆಸರುಗಳು ನಮ್ಮ ಮನೆ ಹುಡುಗಿಯರ ಮೇಲೆಯೇ ಬೀಳುತ್ತವೆ ಎಂಬುದು ಅವರ ವಾದ. ರೆಕಾರ್ಡ್ ಕಂಪನಿಯ ಷೇರು ಕೊಂಡು, ಷೇರುದಾರರ ಸಭೆಗೆ ಹೋಗಿ, ನೀವು ಮಾರುವ ಹಾಡಿನ ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡೋಣ ಎಂದು ದೊಡ್ಡ ಅಧಿಕಾರಿಗಳಿಗೇ ಸವಾಲು ಹಾಕಿದರು. ಎಂಥ ಧೈರ್ಯ! ಟುಪಾಕ್ ಅದಕ್ಕೆ 1996ರ ಹಾಡಿನಲ್ಲಿ ಅವರ ಹೆಸರೆತ್ತಿ ಹೊಲಸು ಬೈಗುಳದಿಂದ ಉತ್ತರ ಕೊಟ್ಟ. ಅಪ್ಪ ಅಮ್ಮನಿಗಿಂತ ದೊಡ್ಡ ವಯಸ್ಸಿನ ಹೆಂಗಸಿಗೆ. ಟಕರ್ ಅವರು ನಂತರ ಅವನ ಆಸ್ತಿಯ ಮೇಲೆ ಹೂಡಿದ ದಾವೆ ವಜಾ ಆಯಿತು, ಆದರೆ ನನ್ನ ಲೆಕ್ಕದಲ್ಲಿ ಆ ಜಗಳದಲ್ಲಿ ಚಿಕ್ಕವನಾದದ್ದು ಟುಪಾಕ್.

ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಟಕರ್ ತಮ್ಮ ಮನೆಯ ಹುಡುಗನನ್ನು ಬೈಯುವ ಅಜ್ಜಿಯ ಹಾಗೆ ಬೈದರು, ಅವನು ಸುಧಾರಿಸಲಿ ಎಂದು. ಅದೇ ಮಾತನ್ನು ಟಿವಿಯಲ್ಲಿ ಹಿಡಿದುಕೊಂಡ ಎಷ್ಟೋ ಜನರಿಗೆ ಆ ಹುಡುಗಿಯರ ಶಾಲೆ, ಆಸ್ಪತ್ರೆ, ಬಾಡಿಗೆಯ ಬಗ್ಗೆ ಹೇಳಲು ಏನೂ ಇರಲಿಲ್ಲ. ಹನ್ನೆರಡರ ಹುಡುಗಿಯ ಹಾಡು, ಅಂಗಡಿಯಲ್ಲಿ ಗುಂಡೇಟಿಗೆ ಬಲಿಯಾದ ಹದಿನೈದರ ಲತಾಶಾ ಹಾರ್ಲಿನ್ಸ್ ನೆನಪಿಗೆ ಅರ್ಪಿಸಿದ ಹಾಡು ಅವರ ಚರ್ಚೆಗೆ ಬರಲೇ ಇಲ್ಲ. ಕೆಟ್ಟ ಪದ ಎಣಿಸುವವರು ಹಾಡಿನ ಉಳಿದ ಪದಗಳನ್ನು ಓದಲಿಲ್ಲ.

ಮುಂದಿನದು ಬೇಗ ಮುಗಿಯುತ್ತದೆ. ಜೈಲಿನಲ್ಲಿದ್ದಾಗಲೇ, 1995ರ ಮಾರ್ಚ್‌ನಲ್ಲಿ ಬಂದ 'ಮಿ ಅಗೇನ್‌ಸ್ಟ್ ದ ವರ್ಲ್ಡ್' ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಅದರಲ್ಲಿದೆ ಅಫೆನಿಗಾಗಿ ಬರೆದ 'ಡಿಯರ್ ಮಾಮಾ'. ಚಟಕ್ಕೆ ಬಿದ್ದ ತಾಯಿಯ ಮೇಲಿನ ಸಿಟ್ಟನ್ನೂ ಕೃತಜ್ಞತೆಯನ್ನೂ ಒಂದೇ ಹಾಡಿನಲ್ಲಿ ಇಟ್ಟಿದ್ದಾನೆ. ಅಕ್ಟೋಬರ್‌ನಲ್ಲಿ ಡೆತ್ ರೋ ಕಂಪನಿಯ ಶುಗ್ ನೈಟ್ 14 ಲಕ್ಷ ಡಾಲರ್ ಜಾಮೀನಿನ ವ್ಯವಸ್ಥೆ ಮಾಡಿ ಬಿಡಿಸಿಕೊಂಡ, ಬದಲಿಗೆ ಟುಪಾಕ್ ಆ ಕಂಪನಿಗೆ ಹಾಡಬೇಕಿತ್ತು. 1996ರ ಫೆಬ್ರುವರಿಯಲ್ಲಿ ಎರಡು ಡಿಸ್ಕ್‌ಗಳ 'ಆಲ್ ಐಸ್ ಆನ್ ಮಿ' ಬಂತು. ನ್ಯೂಯಾರ್ಕಿನ ಹಳೆಯ ಗೆಳೆಯರೊಂದಿಗೆ ಬಹಿರಂಗ ಹಗೆ ಶುರುವಾಯಿತು, ಪತ್ರಿಕೆಗಳು ಅದಕ್ಕೆ ಪೂರ್ವ-ಪಶ್ಚಿಮ ಕರಾವಳಿಯ ಯುದ್ಧ ಎಂದು ಹೆಸರಿಟ್ಟು ಮಾರಿಕೊಂಡವು. ಸೆಪ್ಟೆಂಬರ್ 7ರ ರಾತ್ರಿ ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್ ಬಾಕ್ಸಿಂಗ್ ನೋಡಿ ಹೊರಟಿದ್ದಾಗ ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಗುಂಡಿನ ಮಳೆ ಸುರಿಯಿತು. 13ರಂದು ತೀರಿಕೊಂಡ. ಆರು ತಿಂಗಳಲ್ಲಿ ಅವನ ಎದುರಾಳಿ ನೊಟೋರಿಯಸ್ ಬಿ.ಐ.ಜಿ. ಕೂಡ ಹಾಗೆಯೇ ಗುಂಡಿಗೆ ಬಲಿಯಾದ. ಟುಪಾಕ್ ಕೊಲೆಯಲ್ಲಿ ಮೊದಲ ಬಂಧನ ಆದದ್ದು 2023ರಲ್ಲಿ, 27 ವರ್ಷ ಕಳೆದ ಮೇಲೆ.

ಸತ್ತ ಮರುವರ್ಷವೇ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವನ ಕವಿತೆಯ ಬಗ್ಗೆ ಒಂದು ಕೋರ್ಸ್ ನಡೆಯಿತು. 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 'ಡಿಯರ್ ಮಾಮಾ'ವನ್ನು ಉಳಿಸಿಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. 'ಫಾಲ್ಸಮ್ ಪ್ರಿಸನ್' ಆಲ್ಬಂ ಅದೇ ಪಟ್ಟಿಯಲ್ಲಿ ಮೊದಲೇ ಇತ್ತು. 2017ರಲ್ಲಿ ಟುಪಾಕ್ ಹೆಸರು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಇಷ್ಟಾದರೂ ಅಲ್ಲಿನ ನ್ಯಾಯಾಲಯಗಳಲ್ಲಿ ಕಪ್ಪು ಹುಡುಗರು ಬರೆದ ರ‍್ಯಾಪ್ ಸಾಲುಗಳನ್ನು ತಪ್ಪೊಪ್ಪಿಗೆಯಂತೆ ಓದಿ ಸಾಕ್ಷಿ ಮಾಡುವುದು ನಿಂತಿಲ್ಲ. ಅದಕ್ಕೆ ಕಡಿವಾಣ ಹಾಕಲು 2022ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನನ್ನೇ ತರಬೇಕಾಯಿತು.

ಕಳೆದ ಸೆಮಿಸ್ಟರ್ ರಜೆಗೆ ಮುಂಚೆ ರೂಮ್‌ಮೇಟ್ ಬಳಿ ಹೋಗಿ ಅವತ್ತು ಆಡಿದ ಮಾತಿಗೆ ಸಾರಿ ಕೇಳಿದೆ. ಹೋಟೆಲ್ ಕೇಸಿನ ವಿಷಯವನ್ನೂ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಈಗ ನಮ್ಮಿಬ್ಬರದೂ ಒಂದೇ ಪ್ಲೇಲಿಸ್ಟ್. ಜಾನಿ ಕ್ಯಾಶ್ ಇದ್ದಾರೆ, ಟುಪಾಕ್ ಇದ್ದಾನೆ, ಎಮಿನೆಮ್ ಕೂಡ. ಟಕರ್ ಅವರನ್ನು ಬೈದ ಹಾಡು ಬಂದಾಗ ನಾನು ಮುಂದಕ್ಕೆ ಒತ್ತುತ್ತೇನೆ. ಎಮಿನೆಮ್ ತನ್ನ ಹೆಂಡತಿಯನ್ನು ಕೊಲ್ಲುವ ಹಾಡು ಬಂದಾಗ ಅವಳು ಮುಂದಕ್ಕೆ ಒತ್ತುತ್ತಾಳೆ. ಅದನ್ನು ನಾನು ಪಿಯುಸಿಯಲ್ಲಿ ಎಷ್ಟು ಸಲ ಕೇಳಿದ್ದೆನೋ, ಒಮ್ಮೆಯೂ ಕೈ ಆ ಬಟನ್ ಕಡೆ ಹೋಗಿರಲಿಲ್ಲ.